ನಿಮ್ಮ ಹೆಸರಿನ ಸಾಲಕ್ಕೆ ಬೀಗ ಯಾರ ಕೈಲಿದೆ?

ನಿಮ್ಮ ಪ್ಯಾನ್ ಕಾರ್ಡಿನ ಜೆರಾಕ್ಸ್ ಎಲ್ಲೆಲ್ಲಿದೆ ಅಂತ ಲೆಕ್ಕ ಇಟ್ಟಿದ್ದೀರಾ? ಪಿಜಿ ಮಾಲೀಕರು, ಸಿಮ್ ಅಂಗಡಿ, ಮೊದಲ ಕೆಲಸದ ಎಚ್‌ಆರ್. ಅದನ್ನೇ ಬಳಸಿ ಬೇರೆ ಯಾರೋ ಆ್ಯಪ್‌ನಲ್ಲಿ ಸಾಲ ಎತ್ತಿದರೆ, ವಸೂಲಿಯವರ ಫೋನ್ ಬರೋದು ನಿಮಗೆ.

ಅಮೆರಿಕದಲ್ಲಿ ಇದಕ್ಕೆ ಕ್ರೆಡಿಟ್ ಫ್ರೀಜ್ ಅಂತ ಒಂದು ಉಪಾಯ ಇದೆ. ಕ್ರೆಡಿಟ್ ಬ್ಯೂರೋದಲ್ಲಿರುವ ನಿಮ್ಮ ವರದಿಗೆ ನೀವೇ ಬೀಗ ಹಾಕಿಸಬಹುದು. ಹೊಸದಾಗಿ ಸಾಲ ಕೊಡಲು ಬಂದವರಿಗೆ ವರದಿ ಸಿಗಲ್ಲ, ಹಾಗಾಗಿ ಸಾಲವೂ ಸಾಮಾನ್ಯವಾಗಿ ಹುಟ್ಟಲ್ಲ. 2017ರಲ್ಲಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿತು. ಮರುವರ್ಷ ಸಂಸತ್ತು ಕಾನೂನು ಮಾಡಿ ಫ್ರೀಜ್ ಅನ್ನು ಎಲ್ಲರಿಗೂ ಉಚಿತ ಮಾಡಿತು.

ನಮ್ಮಲ್ಲೂ ಈಕ್ವಿಫ್ಯಾಕ್ಸ್, ಸಿಬಿಲ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಬ್ಯೂರೋಗಳಿವೆ. ಆದರೆ ಅವುಗಳನ್ನು ಆಳುವ 2005ರ ಕಾಯ್ದೆಯಲ್ಲಿ ಫ್ರೀಜ್ ಎಂಬ ಹಕ್ಕು ಇಲ್ಲ. ಸದ್ಯಕ್ಕೆ ಕೈಲಿರುವುದು ಇಷ್ಟು:

ಉಚಿತ ವರದಿ: ಪ್ರತಿ ಬ್ಯೂರೋ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಕೊಡಲೇಬೇಕು. ನಾನು ಮೂರು ತಿಂಗಳಿಗೆ ಒಂದು ಬ್ಯೂರೋದಂತೆ ತೆಗೆಸುತ್ತೇನೆ, ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತೆ. ನೀವು ತೆಗೆದುಕೊಳ್ಳದ ಸಾಲ, ನೀವು ಹಾಕದ ಅರ್ಜಿಯ ವಿಚಾರಣೆ ಇದೆಯಾ ನೋಡಿ.

ಎಸ್‌ಎಂಎಸ್: ಯಾರಾದರೂ ನಿಮ್ಮ ವರದಿ ತೆಗೆದರೆ ಬ್ಯೂರೋ ನಿಮಗೆ ತಿಳಿಸಬೇಕು. ಬ್ಯಾಂಕಿನಲ್ಲಿರುವ ಮೊಬೈಲ್ ನಂಬರ್ ಹಳೆಯದಾಗಿದ್ದರೆ ಬದಲಿಸಿ.

ದೂರು: ಸಾಲ ಕೊಟ್ಟ ಸಂಸ್ಥೆಗೂ ಬ್ಯೂರೋಗೂ ಲಿಖಿತವಾಗಿ ಕೊಡಿ. 30 ದಿನದೊಳಗೆ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ಆರ್‌ಬಿಐ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಮೇಲೂ ಆಗದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್. ಖಾತೆಯಿಂದ ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆಧಾರ್ ಬಯೋಮೆಟ್ರಿಕ್ ಲಾಕ್: 2023ರಲ್ಲಿ ಕರ್ನಾಟಕದ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರು, ಬೆರಳಚ್ಚು ಬಳಸಿ ತಮ್ಮ ಖಾತೆಯಿಂದ ಹಣ ಎಗರಿಸಿದ್ದಾರೆ ಅಂತ ದೂರು ಕೊಟ್ಟಿದ್ದರು. ಅಂಥದ್ದನ್ನು ಈ ಲಾಕ್ ತಡೆಯುತ್ತೆ. ಒಟಿಪಿ ಕೊಟ್ಟು ಎತ್ತುವ ಸಾಲವನ್ನು ಮಾತ್ರ ತಡೆಯಲ್ಲ.

ಗಮನಿಸಿ, ಸಾಲದ ಮಟ್ಟಿಗೆ ಇವೆಲ್ಲ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ. ನಮ್ಮ ಒಪ್ಪಿಗೆ ಕೇಳದೆ ನಮ್ಮ ಸಾಲದ ಜಾತಕ ಬರೆಯುವ ಕಂಪನಿಗಳಿಗೆ, ನಾವು ಹೇಳಿದಾಗ ಅದನ್ನು ಮುಚ್ಚಿಡುವ ಹೊಣೆಯೂ ಇರಬೇಕು. ಉಚಿತ ಫ್ರೀಜ್‌ಗಾಗಿ 2005ರ ಕಾಯ್ದೆಗೆ ತಿದ್ದುಪಡಿ ತರ್ತೀರಾ ಅಂತ ನಿಮ್ಮ ಸಂಸದರನ್ನು ಕೇಳಿ.