ಹಾಲಿಬಟ್ ಮೀನಿನ ಕೌಲು

ಮೀನೊಂದಕ್ಕಾಗಿ ಎರಡು ದೇಶಗಳು ಕೌಲು ಬರೆದುಕೊಂಡವೆಂದರೆ ನಮ್ಮ ಶ್ರೋತೃಗಳಲ್ಲಿ ಕೆಲವರು ನಕ್ಕಾರು. ಆದರೆ 1923ರ ಮಾರ್ಚ್ 2ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳೂ ಕೆನಡಾ ದೇಶವೂ ಮಾಡಿಕೊಂಡ ಒಪ್ಪಂದವು ಅಂತಹುದೇ ಆಗಿದ್ದಿತು.

ಹಾಲಿಬಟ್ ಉತ್ತರ ಸಮುದ್ರಗಳ ಮೀನು. ಮಂಗಳೂರಿನ ಕಡೆಯ ನಂಗು ಮೀನನ್ನು ಕಂಡವರಿಗೆ ಇದರ ಆಕಾರವನ್ನು ವಿವರಿಸಬೇಕಾದುದಿಲ್ಲ: ಚಪ್ಪಟೆಯ ಮೈ, ಎರಡು ಕಣ್ಣುಗಳೂ ಒಂದೇ ಮಗ್ಗುಲಲ್ಲಿ. ಆದರೆ ನಂಗು ಗೇಣುದ್ದದ್ದು. ಹಾಲಿಬಟ್ಟಿನ ಹೆಣ್ಣು ಎಂಟು ಅಡಿ ಬೆಳೆದು ಐನೂರು ಪೌಂಡು ತೂಗುವುದೂ ಉಂಟು. ಮಾಂಸ ಬಿಳುಪು, ಬಿಗಿ, ಜಿಡ್ಡು ಅಲ್ಪ.

ಪೆಸಿಫಿಕ್ ತೀರದ ಮಕಾ ಜನರು ಮರದ ಗೆಣ್ಣನ್ನು ಹಬೆಯಲ್ಲಿ ಮೆದುಮಾಡಿ ಬಾಗಿಸಿ, ಮೂಳೆಯ ಮುಳ್ಳು ಕಟ್ಟಿ ಗಾಳವನ್ನು ಮಾಡುತ್ತಿದ್ದರು. ಕಡಲಪಾಚಿಯ ಉದ್ದನೆಯ ದಂಟೇ ಅವರಿಗೆ ಹಗ್ಗ. ತೀರ ಚಿಕ್ಕ ಮೀನಾಗಲಿ ತೀರ ದೊಡ್ಡದಾಗಲಿ ಆ ಗಾಳಕ್ಕೆ ಸಿಕ್ಕುತ್ತಿರಲಿಲ್ಲ. ಇದಕ್ಕಿಂತ ಜಾಣತನದ ಕಾಯಿದೆಯನ್ನು ಮುಂದೆ ಯಾವ ಸರಕಾರವೂ ಬರೆಯಲಿಲ್ಲವೆಂದು ನಮಗೆ ತೋರುತ್ತದೆ.

ಅಟ್ಲಾಂಟಿಕ್ಕಿನಲ್ಲಿ ಮೀನು ವಿರಳವಾದಾಗ, 1888ರಲ್ಲಿ ನ್ಯೂ ಇಂಗ್ಲೆಂಡಿನ ಹಾಯಿಹಡಗುಗಳು ಇತ್ತ ಬಂದವು. ಟಕೋಮಾ ಬಂದರಿನಿಂದ ಮಂಜುಗಡ್ಡೆಯಲ್ಲಿ ಹುದುಗಿಸಿದ ಮೀನು ರೈಲಿನಲ್ಲಿ ಬಾಸ್ಟನ್ನಿಗೆ ಹೋಯಿತು. ಒಂದೇ ಉದ್ದ ಹಗ್ಗಕ್ಕೆ ನೂರಾರು ಗಾಳಗಳನ್ನು ತೂಗಹಾಕಿ, ಲಂಗರಿನಿಂದ ಸಮುದ್ರದ ತಳಕ್ಕಿಳಿಸಿ, ಕೆಲವು ಗಂಟೆಗಳ ಮೇಲೆ ಎಳೆದುಕೊಳ್ಳುವುದು ಅವರ ಕ್ರಮ. ಇಂದಿಗೂ ಮೂಲಕ್ರಮ ಅದೇ. ಹೆಣ್ಣು ಮೊಟ್ಟೆಯಿಡಲು ಹನ್ನೆರಡು ವರ್ಷಗಳಷ್ಟು ಬೆಳೆಯಬೇಕು. ಹಡಗಿನವರಿಗೆ ಅಷ್ಟು ತಾಳ್ಮೆಯೆಲ್ಲಿಯದು? ಹತ್ತಿರದ ನೆಲೆಗಳು ಬರಿದಾದವು.

1923ರ ಕೌಲು ಹುಟ್ಟಿದುದು ಹೀಗೆ. ಚಳಿಗಾಲದ ಮೂರು ತಿಂಗಳು ಬೇಟೆ ನಿಷಿದ್ಧವಾಯಿತು. ಬ್ರಿಟಿಷ್ ರಾಯಭಾರಿಯ ರುಜುವೂ ಇರಬೇಕೆಂದು ಲಂಡನ್ನಿನವರು ಬಯಸಿದರು, ಕೆನಡಾ ಒಪ್ಪಲಿಲ್ಲ. ಮಂತ್ರಿ ಅರ್ನೆಸ್ಟ್ ಲಾಪ್ವಾಂಟ್ ಒಬ್ಬರೇ ರುಜು ಹಾಕಿದರು. ಕೆನಡಾ ತಾನೊಂದೇ ರುಜು ಮಾಡಿದ ಮೊದಲ ಅಂತಾರಾಷ್ಟ್ರೀಯ ಒಪ್ಪಂದವಿದು. ಸ್ವಾತಂತ್ರ್ಯದ ಮಾರ್ಗದಲ್ಲಿ ಒಂದು ಹೆಜ್ಜೆ ಮೀನಿನ ನೆವದಿಂದ ಬಿದ್ದಿತು!

ಮೂರು ತಿಂಗಳ ವಿರಾಮ ಸಾಲಲಿಲ್ಲ. 1932ರಿಂದ ಹಿಡಿಯಬಹುದಾದ ಮೊತ್ತಕ್ಕೇ ಮಿತಿ ಬಂದಿತು, ಮೀನು ಮತ್ತೆ ಹೆಚ್ಚಿತು. ಆದರೆ ಮಿತಿ ಎಲ್ಲರಿಗೂ ಸೇರಿ ಒಂದೇ ಆದುದರಿಂದ ಮೊದಲು ಹಿಡಿದವನೇ ಗೆದ್ದವನೆಂದಾಯಿತು. 1990ರ ಸುಮಾರಿಗೆ ಅಲಾಸ್ಕದಲ್ಲಿ ವರ್ಷಕ್ಕೆ 24 ಗಂಟೆಗಳ ಒಂದೆರಡು ಸರದಿಗಳಷ್ಟೇ ಉಳಿದವು. ಬಿರುಗಾಳಿಯಿದ್ದರೂ ದೋಣಿಗಳು ಹೊರಡುತ್ತಿದ್ದವು.

1991ರಲ್ಲಿ ಬ್ರಿಟಿಷ್ ಕೊಲಂಬಿಯವೂ 1995ರಲ್ಲಿ ಅಲಾಸ್ಕವೂ ಒಬ್ಬೊಬ್ಬರಿಗೂ ಪಾಲು ಗೊತ್ತುಮಾಡಿದ ಮೇಲೆ ಆ ಓಟ ನಿಂತಿತು; ತಾಜಾ ಮೀನು ವರ್ಷದ ಬಹುಭಾಗ ಪೇಟೆಗೆ ಬರತೊಡಗಿತು. ಅಲಾಸ್ಕದಲ್ಲಿ ಮೊದಲ ಪಾಲುಗಳು ದೊರೆತುದು ಮಾತ್ರ ದೋಣಿಯ ಒಡೆಯರಿಗೆ ಮತ್ತು ಗುತ್ತಿಗೆದಾರರಿಗೆ, ಹಗ್ಗವೆಳೆದ ಆಳುಗಳಿಗಲ್ಲ.