ಮಸಿ ಅರಿವೆ: ಹೈದರಾಬಾದಿನ ಕನ್ನಡ ಮನೆಗಳ ಅಲಿಖಿತ ದಾಖಲೆ

ವಸ್ತುಸಂಸ್ಕೃತಿಯ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಉಳಿದು ಬಂದ ವಸ್ತುಗಳನ್ನೇ ಆಧಾರವಾಗಿ ಹಿಡಿಯುತ್ತೇವೆ. ಹೈದರಾಬಾದಿನಲ್ಲಿ 1951ರಲ್ಲಿ ತೆರೆದ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯವು ಒಂದು ಶ್ರೀಮಂತ ಮನೆತನದ ಉಡುಗೆ, ಶಾಲುಗಳನ್ನು ಕಾಪಾಡಿಕೊಂಡು ಬಂದಿದೆ. ಅದೇ ನಗರದ ಅಡುಗೆಮನೆಗಳಲ್ಲಿ ಕಾದ ಪಾತ್ರೆಯನ್ನು ಒಲೆಯಿಂದ ಇಳಿಸುವ ಚಿಂದಿಬಟ್ಟೆಗೆ ಅಂತಹ ಭಾಗ್ಯವಿಲ್ಲ. ಅದು ಬಳಕೆಯಲ್ಲಿಯೇ ಸವೆದು, ಕೊನೆಗೆ ಒಲೆಯನ್ನೋ ತಿಪ್ಪೆಯನ್ನೋ ಸೇರುತ್ತದೆ. ಉಳಿಯದ ಈ ವಸ್ತುವಿನ ಚರಿತ್ರೆಯನ್ನು ಯಾವ ಆಧಾರದಿಂದ ಕಟ್ಟಬಹುದೆಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಮೊದಲ ಆಧಾರ ಅದರ ಹೆಸರು. ಬೀದರ, ಕಲಬುರಗಿ, ರಾಯಚೂರು ಸೀಮೆಯ ಮನೆಮಾತಿನಲ್ಲಿ ಇದು ಮಸಿ ಅರಿವೆ. ಹಳೆಯ ಮೈಸೂರಿನ ಕಡೆ ಮಸಿಬಟ್ಟೆ. ಕಟ್ಟಿಗೆಯ ಒಲೆಯ ಮಸಿ ಹಿಡಿದ ಪಾತ್ರೆಗಳ ಕಾಲದಲ್ಲಿ ಹುಟ್ಟಿದ ಈ ಹೆಸರು, ಅನಿಲದ ಒಲೆ ಬಂದು ಮಸಿ ಮರೆಯಾದ ಮೇಲೂ ಉಳಿದಿದೆ. ಅರಿವೆ ಸುಟ್ಟುಹೋದರೂ ಮಾತು ಅದರ ಕಾಲವನ್ನು ಹಿಡಿದಿಟ್ಟಿದೆ.

ಮಸಿ ಅರಿವೆ ಎಷ್ಟೋ ವೇಳೆ ಹರಿದ ಸೀರೆಯ ತುಂಡು ಮಾತ್ರ. ಆದರೆ ಅದನ್ನು ಮಡಿಸಿ ಹೊಲಿದಾಗ ಅದೊಂದು ಪುಟ್ಟ ಕೌದಿಯೇ ಆಗುತ್ತದೆ. ಕನ್ನಡದ ಕೌದಿ, ತೆಲುಗಿನ ಬೊಂತ, ಮರಾಠಿಯ ಗೋಧಡಿ, ಉರ್ದುವಿನ ಗುದಡಿ: ನಿಜಾಮ ಸಂಸ್ಥಾನದ ನಾಲ್ಕು ಭಾಷೆಗಳಲ್ಲಿಯೂ ಹಳೆಯ ಬಟ್ಟೆಯ ಪದರಗಳನ್ನು ಕೂಡಿಸಿ ಹೊಲಿದ ಹೊದಿಕೆಗೆ ಹೆಸರಿದೆ. ಚಿಂದಿ ಎಂಬ ಪದವಂತೂ ಕನ್ನಡ, ಮರಾಠಿ, ಹಿಂದಿಗಳಿಗೆ ಸಮಾನವಾದುದು. ಆಡಳಿತದ ಗಡಿಗಳು ಬೇರ್ಪಡಿಸಿದ ಜನರನ್ನು ಈ ಪದಗಳು ಒಂದೇ ಅಂಗಳದಲ್ಲಿ ನಿಲ್ಲಿಸುತ್ತವೆ.

ಹೊಲಿಗೆಯ ಕ್ರಮ ಸರಳ. ತೊಳೆದು ತೊಳೆದು ಮೆತ್ತಗಾದ ಹತ್ತಿಬಟ್ಟೆಯನ್ನು ಮೂರು ನಾಲ್ಕು ಪದರವಾಗಿ ಮಡಿಸಿ, ಮೇಲೆ ಚಿಂದಿಗಳನ್ನು ಜೋಡಿಸಿ, ಅಂಚನ್ನು ಒಳಕ್ಕೆ ಮಡಚಿ, ಸಾಲುಸಾಲಾಗಿ ದಾರ ಓಡಿಸಲಾಗುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ತಡೆಯುತ್ತದೆ. ಬಟ್ಟೆ ಒದ್ದೆಯಾದರೆ ಗಾಳಿಯ ಸ್ಥಾನವನ್ನು ನೀರು ಆಕ್ರಮಿಸಿ ಬಿಸಿಯನ್ನು ಬೇಗ ಕೈಗೆ ಮುಟ್ಟಿಸುತ್ತದೆ. ಆದುದರಿಂದ ಒಣಗಿದ ಅರಿವೆಯೇ ಕೈಯ ರಕ್ಷಣೆ. ಬಟ್ಟೆಯ ಆಯ್ಕೆಯಲ್ಲಿಯೂ ಇದೇ ವಿವೇಕವಿದೆ. ಇಳಕಲ್ ಸೀರೆಯ ಹತ್ತಿಯ ಒಡಲು ಇದಕ್ಕೆ ಒದಗುತ್ತದೆ, ರೇಷ್ಮೆಯ ಸೆರಗು ಒದಗುವುದಿಲ್ಲ. ಪಾಲಿಯೆಸ್ಟರ್ ಬಟ್ಟೆಯಂತೂ ಹೆಚ್ಚು ಕಾವಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನೂಲಿನ ಸೀರೆಯ ಬದಲು ಕೃತಕ ನೂಲಿನ ಸೀರೆ ಮನೆಗೆ ಬಂದುದು ಉಡುಗೆಯ ಬದಲಾವಣೆ ಮಾತ್ರವಲ್ಲ. ಅಡುಗೆಮನೆಗೆ ಇಳಿದುಬರುತ್ತಿದ್ದ ಹಳೆಯ ಬಟ್ಟೆಯ ಸರಣಿಯನ್ನೇ ಅದು ಕಡಿಯಿತು.

ಈ ಸರಣಿಗೆ ರಾಜಕೀಯ ಚರಿತ್ರೆಯ ಹಿನ್ನೆಲೆಯೂ ಇದೆ. 1874ರಲ್ಲಿ ವಾಡಿ-ಸಿಕಂದರಾಬಾದ್ ರೈಲುಮಾರ್ಗ ತೆರೆದ ಮೇಲೆ ಕಲಬುರಗಿಯ ಸೀಮೆಗೂ ರಾಜಧಾನಿಗೂ ನಡುವಿನ ಹಾದಿ ಸುಗಮವಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ, ಸರಕಾರಿ ಕಚೇರಿಗಳು, ವ್ಯಾಪಾರ ಇವು ಕನ್ನಡಿಗರನ್ನು ನಗರಕ್ಕೆ ಕರೆತಂದವು. 1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿದಾಗ, ಹೈದರಾಬಾದಿನಲ್ಲಿ ನೆಲೆಸಿದ ಕುಟುಂಬಗಳು ಇದ್ದಲ್ಲಿಯೇ ಹೊರನಾಡ ಕನ್ನಡಿಗರಾದವು. ಶಾಲೆ, ಸಂಘ, ಪತ್ರಿಕೆಗಳ ಮೂಲಕ ಇವರು ಭಾಷೆಯನ್ನು ಉಳಿಸಿಕೊಂಡ ಬಗೆಯನ್ನು ವಿದ್ವಾಂಸರು ಗಮನಿಸಿದ್ದಾರೆ. ಸಂಘದ ನಡವಳಿ ಪುಸ್ತಕಕ್ಕೆ ಏರದ ಅಡುಗೆಮನೆಯ ಮಾತೂ ಅದೇ ಭಾಷೆಯೆಂಬುದನ್ನು ಮರೆಯಲಾಗದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯ ಹೆಸರಿದೆ. ಸೂಜಿಯನ್ನು ಹಿಡಿದ ಕಾಯಕಜೀವಿಗೆ ವಚನ ಸಾಹಿತ್ಯದಲ್ಲಿ ಸ್ಥಾನ ದೊರೆತಿದೆ. ಮನೆಯ ಚಿಂದಿಯನ್ನು ಕೂಡಿಸಿ ಹೊಲಿದ ಹೆಂಗಸರ ಕೆಲಸಕ್ಕೆ ಕೂಲಿಯೂ ಇರಲಿಲ್ಲ, ಕರ್ತೃವಿನ ಹೆಸರೂ ಇರಲಿಲ್ಲ. ಕೌದಿಯಾದರೂ ಅಜ್ಜಿಯ ನೆನಪಾಗಿ ಮೊಮ್ಮಕ್ಕಳ ಪೆಟ್ಟಿಗೆಯನ್ನು ಸೇರಬಹುದು. ಮಸಿ ಅರಿವೆಯನ್ನು ಯಾರೂ ಆಸ್ತಿಯಾಗಿ ಬಿಟ್ಟುಹೋಗುವುದಿಲ್ಲ.

ಆದುದರಿಂದ ಹೊರನಾಡಿನಲ್ಲಿ ಸಂಶೋಧನೆ ನಡೆಸುವವರು ಈ ದಿಕ್ಕಿನಲ್ಲಿ ಕ್ಷೇತ್ರಕಾರ್ಯಕ್ಕೆ ತೊಡಗುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಯಾವ ಸೀರೆ ಯಾವಾಗ ಹಾಸಿಗೆಯಾಯಿತು, ಯಾವಾಗ ಒರಸುವ ಬಟ್ಟೆಯಾಯಿತು, ಎಂದು ಒಲೆಯ ಬದಿಗೆ ಬಂದಿತು ಎಂಬುದನ್ನು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಅವರದೇ ನುಡಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಶಾಸನವು ಕಾಯುತ್ತದೆ, ಅರಿವೆ ಕಾಯುವುದಿಲ್ಲ.