ಆಕ್ಯುಪೇಷನಲ್ ಥೆರಪಿ ಶಿಕ್ಷಣ ನಡೆದು ಬಂದ ದಾರಿ

ಪಾರ್ಶ್ವವಾಯು ಬಡಿದವರು ಮತ್ತೆ ತಾವೇ ಅನ್ನ ಕಲೆಸಿ ಉಣ್ಣುವಂತೆ, ಗುಂಡಿ ಹಾಕಿಕೊಳ್ಳುವಂತೆ ತರಬೇತಿ ಕೊಡುವ ವಿದ್ಯೆ ಆಕ್ಯುಪೇಷನಲ್ ಥೆರಪಿ. ಭಾರತದಲ್ಲಿ ಇದರ ಮೊದಲ ಶಾಲೆ 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಆರಂಭವಾಯಿತು. ಅದನ್ನು ಕಟ್ಟಿದವರು ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ ಇಲ್ಲಿಯವರೇ ಆದ ಕಮಲಾ ನಿಂಬಕರ್. ಈ ದೇಶ ಅವರನ್ನು ಇನ್ನೂ ಹೆಚ್ಚು ನೆನೆಯಬೇಕಿತ್ತು. 1952ರಲ್ಲಿ ವೃತ್ತಿನಿರತರ ಅಖಿಲ ಭಾರತ ಸಂಘ ಸ್ಥಾಪನೆಯಾಯಿತು. 1958ರಲ್ಲಿ ನಾಗಪುರದಲ್ಲೂ ಶಾಲೆ ತೆರೆಯಿತು.

ಕರ್ನಾಟಕಕ್ಕೆ ಈ ಶಿಕ್ಷಣ ಬಂದದ್ದು ತಡವಾಗಿ. ಶಿವಮೊಗ್ಗದ ವಿದ್ಯಾನಗರದ ಅಥವಾ ಭದ್ರಾವತಿಯ ವಿದ್ಯಾರ್ಥಿಗೆ ಘಟ್ಟದ ಕೆಳಗಿನ ಮಣಿಪಾಲ ಹತ್ತಿರದ ಹೆಸರಾಂತ ಕೇಂದ್ರ. ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳಲ್ಲಿ ಕಾರ್ಮಿಕರು ದುಡಿದ ಭದ್ರಾವತಿಯಂಥ ಊರಿಗೆ, ಪೆಟ್ಟಾದ ಕೈಗಳನ್ನು ಮರಳಿ ಕೆಲಸಕ್ಕೆ ಅಣಿಗೊಳಿಸುವ ಈ ವಿದ್ಯೆ ತೀರ ಅಗತ್ಯದ್ದು.

ಪದವಿಯ ಅವಧಿ ಬಹುಕಾಲ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷವಾಗಿತ್ತು. ಆಕ್ಯುಪೇಷನಲ್ ಥೆರಪಿಸ್ಟರ ವಿಶ್ವ ಒಕ್ಕೂಟದ ಮಾನದಂಡದಂತೆ ಕನಿಷ್ಠ 1,000 ಗಂಟೆ ಪ್ರಾಯೋಗಿಕ ತರಬೇತಿ ಇರಬೇಕು. ಇಡೀ ದೇಶಕ್ಕೆ ಅನ್ವಯಿಸುವ ಶಾಸನಬದ್ಧ ನಿಯಂತ್ರಣ ಬಂದದ್ದು 2021ರ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಿಂದ. ಕಾಲೇಜು ಆರಿಸುವವರು ಕಟ್ಟಡಕ್ಕಿಂತ ಮೊದಲು ಮಾನ್ಯತೆಯನ್ನೂ ಜೊತೆಗಿರುವ ಆಸ್ಪತ್ರೆಯನ್ನೂ ವಿಚಾರಿಸಬೇಕು.